ಅಂಬಾಸಡರ್ ಜಗ್ಗುತ್ತಿದ್ದದ್ದು ಎರಡಿಂಚಿನ ವೈರಿನಿಂದ

ನಮ್ಮ ಮನೆಯದು ಅಂಬಾಸಡರ್ ಮಾರ್ಕ್ 4. ಅದೇ ಹಳೆ 1489 ಸಿಸಿ ಪೆಟ್ರೋಲ್ ಎಂಜಿನ್. ಸುಮಾರು ಎಂಟು ತಿಂಗಳು ನನ್ನ ತಲೆ ತಿಂದಿತು. ಐಡ್ಲಿಂಗ್ ಚೆನ್ನಾಗಿಯೇ ಇತ್ತು. ಆಕ್ಸಿಲರೇಟರ್ ಮೆಲ್ಲಗೆ ಒತ್ತಿದರೆ ಮಾತ್ರ ಬಿಕ್ಕಳಿಸಿ, ಎರಡು ಸಲ ಜಗ್ಗಿ, ಆಮೇಲೆ ಹೊರಡುತ್ತಿತ್ತು. ಪೂರ್ತಿ ತುಳಿದರೆ ಅಷ್ಟಿಲ್ಲ. ಗುಂಡ್ಯದಿಂದ ಶಿರಾಡಿ ಹತ್ತುವಾಗ ಹಿಂದಿನ ಲಾರಿಯವರ ಹಾರನ್ ಕೇಳಿ ಕೇಳಿ ಸಾಕಾಗಿತ್ತು.

ಎಲ್ಲರದ್ದೂ ಒಂದೇ ಮಾತು, ಕಾರ್ಬ್ಯುರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸುವ ಭಾಗ) ಕೆಟ್ಟಿದೆ ಅಂತ. ಅದರ ರಿಪೇರಿ ಕಿಟ್ ಹಾಕಿಸಿದೆ, ಸಾವಿರದ ಚಿಲ್ಲರೆ ಹೋಯಿತು. ಬೆಂಗಳೂರಿನ ಜೆ.ಸಿ. ರಸ್ತೆ ಸುತ್ತಿ ಇನ್ನೊಂದು ಕಾರ್ಬ್ಯುರೇಟರನ್ನೇ ತಂದೆ, ಐದೂವರೆ ಸಾವಿರ. ಕಾಯಿಲ್, ಪ್ಲಗ್, ಕಂಡೆನ್ಸರ್, ಪೆಟ್ರೋಲ್ ಪಂಪ್ ಎಲ್ಲಾ ಸೇರಿ ಹನ್ನೊಂದು ಸಾವಿರದ ಹತ್ತಿರ ಬಂತು. ಗಾಡಿ ಮಾತ್ರ ಹಾಗೇ ಜಗ್ಗುತ್ತಿತ್ತು.

ಕೊನೆಗೆ ಟೈಮಿಂಗ್ ಲೈಟ್ ಹಿಡಿದೆ, ಪ್ಲಗ್ಗಿಗೆ ಕರೆಂಟ್ ಹೋದಾಗಲೆಲ್ಲ ಮಿನುಗುವ ದೀಪ ಅದು. ಪುಲ್ಲಿ ಗುರುತು ಕೆಳಗಡೆ ಇರೋದರಿಂದ ಮಲಗಿಯೇ ನೋಡಬೇಕು, ಗುರುತಿಗೆ ಹೆಂಡತಿಯ ಬಿಳಿ ನೇಲ್ ಪಾಲಿಶ್ ಹಚ್ಚಿಕೊಂಡೆ (ಬೈಸಿಕೊಂಡೆ). ಐಡ್ಲಿಂಗ್‌ನಲ್ಲಿ ಗುರುತು ಸರಿಯಾಗಿತ್ತು. ಮಗ ಸ್ವಲ್ಪ ರೈಸ್ ಮಾಡಿದ ತಕ್ಷಣ ಲೈಟೇ ಬಿಟ್ಟು ಬಿಟ್ಟು ಹತ್ತತೊಡಗಿತು. ಪ್ಲಗ್ಗಿಗೆ ಕರೆಂಟೇ ಹೋಗದಿದ್ದರೆ ಕಾರ್ಬ್ಯುರೇಟರ್ ಏನು ಮಾಡೀತು, ಅಲ್ವಾ?

ಆಗ ಹೊಳೆದದ್ದು ಇದು. ಎಂಜಿನ್ ಐಡ್ಲಿಂಗ್‌ನಲ್ಲಿ ಬಿಟ್ಟು, ಡಿಸ್ಟ್ರಿಬ್ಯೂಟರಿನ (ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಬ್ಬಿ) ವ್ಯಾಕ್ಯೂಮ್ ಪೈಪನ್ನು ಕಾರ್ಬ್ಯುರೇಟರ್ ಕಡೆಯಿಂದ ಕಿತ್ತು ಬಾಯಿಂದ ಎಳೆದೆ. ಓಡುವಾಗ ಎಂಜಿನ್ ಈ ಪೈಪಿನಿಂದ ಗಾಳಿ ಎಳೆದು ಡಬ್ಬಿಯೊಳಗಿನ ಪ್ಲೇಟನ್ನು ತಿರುಗಿಸುತ್ತದೆ. ಗ್ಯಾರೇಜಿನ ಮೇಸ್ತ್ರಿ ನಕ್ಕರು, "ಏನ್ ಸಾರ್, ಎಳನೀರು ಕುಡೀತಿದ್ದೀರಾ?" ಎಳೆದರೆ ಅಡ್ವಾನ್ಸ್ ಆಗಿ, ಅಂದರೆ ಕಿಡಿ ಸ್ವಲ್ಪ ಮುಂಚೆ ಹತ್ತಿ, ಎಂಜಿನ್ ವೇಗ ಸ್ವಲ್ಪ ಏರಬೇಕು. ಇದು ಕೆಮ್ಮಿತು. ಬಿಟ್ಟರೆ ಸರಿಯಾಯಿತು. ಹತ್ತು ಸಲ ಎಳೆದೆ, ಹತ್ತು ಸಲವೂ ಕೆಮ್ಮು. ಆಕ್ಸಿಲರೇಟರ್ ಮುಟ್ಟಿಯೇ ಇಲ್ಲ, ನೆನಪಿರಲಿ; ಅಂದರೆ ತಪ್ಪು ಕಾರ್ಬ್ಯುರೇಟರಿನದ್ದಲ್ಲ. ಮೇಸ್ತ್ರಿಯ ನಗು ನಿಂತಿತು.

ಡಿಸ್ಟ್ರಿಬ್ಯೂಟರ್ ಕ್ಯಾಪ್ ತೆಗೆದು, ಕರೆಂಟ್ ದಾರಿ ಸರಿಯಿದ್ದರೆ ಬೀಪ್ ಅನ್ನುವ ಮಲ್ಟಿಮೀಟರ್ ಹಚ್ಚಿ, ಪ್ಲೇಟನ್ನು ಬೆರಳಿನಲ್ಲಿ ತಿರುಗಿಸಿದೆ. ಬೀಪ್ ನಿಂತಿತು. ಹೊರಗಿನ ಟರ್ಮಿನಲ್‌ನಿಂದ ಪಾಯಿಂಟಿಗೆ (ಪ್ಲೇಟ್ ಮೇಲಿರುವ, ತೆರೆದು ಮುಚ್ಚುವ ಸ್ವಿಚ್) ಬರುವ ಎರಡಿಂಚಿನ ವೈರ್ ಇದೆಯಲ್ಲ, ಅದನ್ನು ಹಿಡಿದು ಎಳೆದರೆ ರಬ್ಬರ್ ಬ್ಯಾಂಡಿನ ಹಾಗೆ ಉದ್ದವಾಯಿತು. ಮೇಲಿನ ಸಿಪ್ಪೆ ನೆಟ್ಟಗಿದೆ, ಒಳಗೆ ತಾಮ್ರ ತುಂಡಾಗಿದೆ. ಪ್ಲೇಟ್ ತಿರುಗಿದಾಗಲೆಲ್ಲ ಕರೆಂಟ್ ಕಟ್. ಆಕ್ಸಿಲರೇಟರ್ ಮೆಲ್ಲಗೆ ಒತ್ತಿದಾಗಲೇ ಆ ಪೈಪಿನ ಎಳೆತ ಜಾಸ್ತಿ, ಪೂರ್ತಿ ತುಳಿದರೆ ಕಮ್ಮಿ; ಅದಕ್ಕೇ ಮೆಲ್ಲಗೆ ಒತ್ತಿದಾಗ ಜಗ್ಗುತ್ತಿದ್ದದ್ದು.

ವೈರ್ ಬದಲಿಸುವ ಮುಂಚೆ, ಸುಮ್ನೆ ಕುತೂಹಲಕ್ಕೆ, ಪೈಪ್ ಮುಚ್ಚಿ ಒಂದು ವಾರ ಓಡಿಸಿದೆ. ಒಂದು ಸಲವೂ ಜಗ್ಗಲಿಲ್ಲ. ಆದರೆ ಹತ್ತರ ಹತ್ತಿರ ಇದ್ದ ಮೈಲೇಜ್ ಎಂಟೂವರೆಗೆ ಇಳಿಯಿತು, ಎಂಜಿನ್ ಸ್ವಲ್ಪ ಜಾಸ್ತಿ ಬಿಸಿಯಾಗುತ್ತಿತ್ತು.

ಮೊದಲು ಹಾಕಿದ್ದು ಮನೆ ವೈರಿಂಗಿನ ವೈರ್. ಗಟ್ಟಿ ಮಾಲು, ಮೂರೇ ವಾರಕ್ಕೆ ಮುರಿಯಿತು. ಈಗಿರುವುದು ತೀರಾ ಸಣ್ಣ ಎಳೆಗಳ ಮೆತ್ತನೆ ವೈರ್, ಎರಡು ವರ್ಷ ಆಯಿತು. ಎಲ್ಲಿಂದ ಕಿತ್ತು ತಂದೆ ಅನ್ನೋದು ಮಾತ್ರ ಹೇಳಲ್ಲ. ಪಾಯಿಂಟ್ ಗ್ಯಾಪ್ 15 ಥೌ (ಇಂಚಿನ ಸಾವಿರ ಭಾಗದಲ್ಲಿ 15) ಇಟ್ಟು ಟೈಮಿಂಗ್ ಮತ್ತೆ ಕೂರಿಸಿದೆ, ಖರ್ಚು ಸೊನ್ನೆ.

ಹೋದ ತಿಂಗಳು ಐದು ಜನ ಕೂತು ಶಿರಾಡಿ ಹತ್ತಿದೆವು, ಒಂದು ಸಲವೂ ಬಿಕ್ಕಲಿಲ್ಲ. ಹಳೆ ಕಾರ್ಬ್ಯುರೇಟರೇ ವಾಪಸ್ ಗಾಡಿ ಮೇಲಿದೆ. ಐದೂವರೆ ಸಾವಿರದ್ದು ಅಟ್ಟದ ಮೇಲೆ. ಯಾರಿಗಾದರೂ ಬೇಕಿದ್ದರೆ ಮೂರಕ್ಕೆ ಕೊಡುತ್ತೇನೆ.