ಮೊಣಕಾಲು ನೋವಿನ ಅಮ್ಮನ ಜೊತೆ ಚಿಲುಮೆಗಳ ಕಾಡಿನಲ್ಲಿ

ಅಮ್ಮ ಅಕ್ಟೋಬರ್‌ನಲ್ಲಿ ಬಂದಿಳಿದಾಗ ಏರ್‌ಪೋರ್ಟ್‌ನಿಂದ ವೀಲ್‌ಚೇರ್‌ನಲ್ಲೇ ಹೊರಗೆ ಬಂದಳು. ವಯಸ್ಸು 67, ಎರಡೂ ಮೊಣಕಾಲು ಸವೆದಿವೆ. ‘ಮೆಟ್ಟಿಲು ಹತ್ತಿಸಬೇಡಿ, ಸಮನೆಲದ ಮೇಲೆ ದಿನಾ ನಡೆಸಿ’ ಅಂತ ತುಮಕೂರಿನ ಡಾಕ್ಟರು ಹೇಳಿ ಕಳಿಸಿದ್ದರು. ನಾನಿರುವುದು ಫ್ಲೋರಿಡಾದಲ್ಲಿ, ಒರ್ಲ್ಯಾಂಡೊ ಪಕ್ಕ. ಊರಿಂದ ಬಂದ ಅಪ್ಪ-ಅಮ್ಮಂದಿರ ಆರು ತಿಂಗಳು ಇಲ್ಲಿ ಹೇಗೆ ಕಳೆಯುತ್ತದೆ ಅನ್ನುವುದು ನಮ್ಮವರಿಗೆಲ್ಲ ಗೊತ್ತಿರುವುದೇ. ವಾರವೆಲ್ಲ ನಾಲ್ಕು ಗೋಡೆ, ಶನಿವಾರ ದೇವಸ್ಥಾನ, ಭಾನುವಾರ ಇಂಡಿಯನ್ ಸ್ಟೋರು. ಈ ಸಲ ಹಾಗಾಗಬಾರದು ಅಂತ ನಿರ್ಧಾರ ಮಾಡಿಕೊಂಡಿದ್ದೆ.

ಮಧುಗಿರಿಯ ಏಕಶಿಲಾ ಬೆಟ್ಟ ನೋಡಿಕೊಂಡು ಬೆಳೆದವಳು ನಾನು. ಬೆಟ್ಟ ಇಲ್ಲದ ಕಡೆ ನಡೆಯುವುದೂ ಒಂದು ಚಾರಣವಾ ಅಂತ ಮೊದಲೆರಡು ವರ್ಷ ಈ ರಾಜ್ಯದ ಕಾಡುಗಳ ಕಡೆ ತಿರುಗಿಯೂ ನೋಡಿರಲಿಲ್ಲ. ಇಡೀ ಫ್ಲೋರಿಡಾದ ಅತಿ ಎತ್ತರದ ಜಾಗ ಬ್ರಿಟನ್ ಹಿಲ್, ಅದೂ 345 ಅಡಿ. ಸೇಂಟ್ ಜಾನ್ಸ್ ನದಿ 310 ಮೈಲು ಹರಿದು ಸಮುದ್ರ ಸೇರುವಷ್ಟರಲ್ಲಿ ಇಳಿಯುವುದು 30 ಅಡಿಗಿಂತ ಕಡಿಮೆ. ಮೈಲಿಗೆ ಸುಮಾರು ಒಂದು ಅಂಗುಲ. ಅಮ್ಮನ ಮೊಣಕಾಲಿಗೆ ಇದಕ್ಕಿಂತ ಒಳ್ಳೆಯ ನೆಲ ಬೇಕೆಂದರೂ ಸಿಗುವುದಿಲ್ಲ ಅಂತ ಆಮೇಲೆ ಹೊಳೆಯಿತು.

ಶುರು ಮಾಡಿದ್ದು ಮೈಲಿಯ ಮೂರನೇ ಒಂದು ಭಾಗದಿಂದ. ಆರೆಂಜ್ ಸಿಟಿಯ ಬ್ಲೂ ಸ್ಪ್ರಿಂಗ್ ಸ್ಟೇಟ್ ಪಾರ್ಕಿನಲ್ಲಿ ನದಿಯ ದಂಡೆಯಿಂದ ಚಿಲುಮೆಯ ಬಾಯಿಯವರೆಗೆ ಮರದ ಹಲಗೆ ಹಾಸಿದ ದಾರಿ ಇದೆ. ಎರಡೂ ಕಡೆ ಹಿಡಿದುಕೊಳ್ಳಲು ಕಟಕಟೆ, ಅಲ್ಲಲ್ಲಿ ನಿಂತು ನೀರು ನೋಡಲು ಅಟ್ಟಣೆ. ಇಂಥ ಹಲಗೆ ದಾರಿಯೇ ಮೊದಲ ಪಾಠಕ್ಕೆ ಸರಿ. ಸಾಕು ಅನ್ನಿಸಿದ ಕಡೆ ನಿಲ್ಲಬಹುದು, ಬೇರು ಎಡವುವ ಭಯವಿಲ್ಲ. ಚಳಿಗಾಲದಲ್ಲಿ ನದಿಯ ನೀರು 20 ಡಿಗ್ರಿಗಿಂತ ಕೆಳಗಿಳಿದಾಗ ಕಡಲಹಸುಗಳು, ಇಲ್ಲಿಯವರ ಮ್ಯಾನಟಿಗಳು, ನೂರಾರು ಸಂಖ್ಯೆಯಲ್ಲಿ ಈ ಚಿಲುಮೆಯ ಕಾಲುವೆಗೆ ಬಂದು ಬಿದ್ದುಕೊಳ್ಳುತ್ತವೆ. ಚಿಲುಮೆಯ ನೀರು ವರ್ಷವಿಡೀ ಒಂದೇ ಹದ, ಸುಮಾರು 22 ಡಿಗ್ರಿ. ನವೆಂಬರ್ ಮಧ್ಯದಿಂದ ಮಾರ್ಚ್‌ವರೆಗೆ ಅಲ್ಲಿ ಮನುಷ್ಯರು ನೀರಿಗಿಳಿಯುವಂತಿಲ್ಲ. ಚಳಿ ಜಾಸ್ತಿ ಇದ್ದಷ್ಟೂ ಪ್ರಾಣಿಗಳೂ ಜಾಸ್ತಿ, ಜನವೂ ಜಾಸ್ತಿ. ಹಾಗಾಗಿ ಬೆಳಿಗ್ಗೆ 8ಕ್ಕೆ ಗೇಟು ತೆಗೆಯುವ ಹೊತ್ತಿಗೆ ಅಲ್ಲಿರಬೇಕು, ಆದರೆ ವಾರದ ದಿನವೇ ಹೋಗಬೇಕು.

ಮೊದಲ ದಿನ ಅಮ್ಮ ಅಷ್ಟು ದೂರಕ್ಕೆ ನಾಲ್ಕು ಸಲ ಕೂತಳು. ಹೊಟ್ಟೆಗೆ ಮರಿ ಅಂಟಿಸಿಕೊಂಡು ತೇಲುತ್ತಿದ್ದ ಒಂದು ಮ್ಯಾನಟಿಯನ್ನು ನೋಡುತ್ತಾ ಇಪ್ಪತ್ತು ನಿಮಿಷ ಕದಲಲಿಲ್ಲ. ಆಮೇಲೆ ಕೇಳಿದಳು, “ಬೆಟ್ಟ ಇಲ್ಲ, ಗುಡ್ಡ ಇಲ್ಲ. ಇಷ್ಟು ನೀರು ಎಲ್ಲಿಂದ ಬರ್ತೈತೆ?”

ಅವತ್ತು ಸಂಜೆ ಅಡುಗೆಮನೆಯಲ್ಲಿ ಕೂತು ನನಗೆ ತಿಳಿದಷ್ಟು ಹೇಳಿದೆ. ಇಲ್ಲಿ ಮೇಲಿರುವುದು ಮರಳು, ಅದರಡಿಗೆ ಸುಣ್ಣಕಲ್ಲು. ಮಳೆನೀರು ಗಾಳಿಯಿಂದ, ಕೊಳೆತ ಎಲೆಯಿಂದ ಸ್ವಲ್ಪ ಹುಳಿ ಹೀರಿಕೊಂಡು ಕೆಳಗಿಳಿಯುತ್ತದೆ, ಸಾವಿರಾರು ವರ್ಷ ಸುಣ್ಣಕಲ್ಲನ್ನು ಕರಗಿಸುತ್ತಾ ಹೋಗುತ್ತದೆ. ಕಲ್ಲೆಲ್ಲ ತೂತು, ಸುರಂಗ, ಗುಹೆ. ಅದರೊಳಗೆ ತುಂಬಿಕೊಂಡ ನೀರಿನ ಮೇಲೆ ಸುತ್ತಲಿನ ಎತ್ತರದ ಕಡೆಯ ನೀರಿನ ಒತ್ತಡ ಬೀಳುತ್ತದೆ. ತಗ್ಗಿನಲ್ಲಿ ಎಲ್ಲಿ ಬಾಯಿ ಸಿಕ್ಕಿತೋ ಅಲ್ಲಿ ಉಕ್ಕುತ್ತದೆ. ಇಂಥ ಚಿಲುಮೆಗಳು ಈ ರಾಜ್ಯದಲ್ಲಿ ಸಾವಿರಕ್ಕೂ ಹೆಚ್ಚಿವೆ. ಅಮ್ಮ ಅಕ್ಕಿ ಆರಿಸುತ್ತಾ ಕೇಳಿಸಿಕೊಂಡು, “ಹಂಗಂದ್ರೆ ತಲಪರಿಗೆ” ಅಂದಳು.

ಆ ಪದ ಕೇಳಿ ನನಗೆ ಇಪ್ಪತ್ತು ವರ್ಷವಾದರೂ ಆಗಿತ್ತು. ಮಧುಗಿರಿ, ಕೊರಟಗೆರೆ, ಪಾವಗಡದ ಕಡೆ ಕೆರೆಯಂಗಳದಲ್ಲಿ, ಹಳ್ಳದ ಮಗ್ಗುಲಲ್ಲಿ ಮರಳೊಳಗಿಂದ ಜಿನುಗುತ್ತಿದ್ದ ಒರತೆಗಳಿಗೆ ನಮ್ಮವರು ಇಟ್ಟ ಹೆಸರು ಅದು. ಬೇಸಿಗೆಯಲ್ಲಿ ಕೆರೆ ಒಣಗಿದರೂ ತಲಪರಿಗೆ ಒಣಗುತ್ತಿರಲಿಲ್ಲ. ವರ್ಷಕ್ಕೊಮ್ಮೆ ಗಂಗೆ ಪೂಜೆ ಮಾಡಿ ಹೂಳು ತೆಗೆಯುತ್ತಿದ್ದರು. ಕೊಳವೆಬಾವಿಗಳು ಬಂದ ಮೇಲೆ ಅಮ್ಮನ ತವರಿನದೂ ನಿಂತುಹೋಯಿತು. ಅವತ್ತಿನಿಂದ ನಮ್ಮ ವಾರದ ಕೊನೆಗಳ ರೂಪ ಬದಲಾಯಿತು. ಯಾವ ಕಾಡಿಗೆ ಹೋಗೋಣ ಅಂತ ನಾನು ಕೇಳುವುದು ಬಿಟ್ಟೆ. ಯಾವ ತಲಪರಿಗೆಗೆ ಅಂತ ಅಮ್ಮನೇ ಕೇಳತೊಡಗಿದಳು.

ದೂರ ಹೆಚ್ಚಿಸಿದ ಕ್ರಮ ಹೇಳುತ್ತೇನೆ, ಯಾರಿಗಾದರೂ ಬೇಕಾದೀತು. ಮೊದಲ ಮೂರು ವಾರ ಒಂದು ಮೈಲಿಯೊಳಗೆ, ಹಲಗೆ ದಾರಿ ಮಾತ್ರ. ಆಮೇಲೆ ವೆಕೈವಾ ಸ್ಪ್ರಿಂಗ್ಸ್‌ನಲ್ಲಿ ಮರಳು ದಾರಿ, ಒಂದೂವರೆ ಮೈಲಿ. ಮರಳಿನಲ್ಲಿ ನಡೆದರೆ ಮೊಣಕಾಲಿಗೆ ಹಗುರ, ಮೀನಖಂಡಕ್ಕೆ ಭಾರ. ಅದಕ್ಕೆ ಮರುದಿನ ಪೂರ್ತಿ ವಿಶ್ರಾಂತಿ. ಎರಡು ಕೈಗೂ ಒಂದೊಂದು ಕೋಲು ಕೊಟ್ಟೆ. ಒಂದೇ ಕೋಲಾದರೆ ಮೈ ಒಂದು ಕಡೆಗೆ ವಾಲಿ ಸೊಂಟ ಹಿಡಿಯುತ್ತದೆ. ಸುತ್ತಿ ಬರುವ ದಾರಿಗಿಂತ ಹೋದ ದಾರಿಯಲ್ಲೇ ವಾಪಸಾಗುವುದು ನಮಗೆ ಹೊಂದಿತು, ಯಾವ ಕ್ಷಣದಲ್ಲಾದರೂ ತಿರುಗಬಹುದು. ಸೀರೆ ಮನೆಯಲ್ಲಿ, ದಾರಿಯಲ್ಲಿ ಉದ್ದ ಪ್ಯಾಂಟು, ಮೊದಲ ದಿನ ಮುಜುಗರಪಟ್ಟಳು, ಎರಡನೇ ದಿನ ಮರೆತಳು. ಡಬ್ಬಿಗೆ ಪುಳಿಯೋಗರೆ, ಬಾಳೆಹಣ್ಣು. ಅವಳು ಬರುವ ಮೊದಲೇ ವಿಸಿಟರ್ಸ್ ಇನ್ಶೂರೆನ್ಸ್ ಮಾಡಿಸಿದ್ದೆ, ಅದಿಲ್ಲದೆ ವಯಸ್ಸಾದವರನ್ನು ಕಾಡಿಗೆ ಕರೆದೊಯ್ಯುವ ಧೈರ್ಯ ನನಗಿರುತ್ತಿರಲಿಲ್ಲ.

ಸಮತಟ್ಟಾದ ಕಾಡೆಂದರೆ ಎಲ್ಲ ಒಂದೇ ಥರ ಇರುತ್ತದೆ ಅಂದುಕೊಂಡಿದ್ದು ನನ್ನ ದೊಡ್ಡ ತಪ್ಪು, ಅದಕ್ಕೆ ಬೆಲೆಯನ್ನೂ ಕೊಟ್ಟೆ. ಜನವರಿಯಲ್ಲಿ ಎರಡು ದಿನ ಸುರಿದ ಮಳೆಯ ಮರುದಿನ ಪೈನ್ ಕಾಡಿನ ದಾರಿಯೊಂದಕ್ಕೆ ಅಮ್ಮನನ್ನು ಕರೆದೊಯ್ದೆ. ಅರ್ಧ ಮೈಲಿ ಒಣಗಿತ್ತು, ಆಮೇಲೆ ಪಾದ ಮುಳುಗುವಷ್ಟು ನೀರು. ಇನ್ನೇನು ಮುಗಿಯುತ್ತದೆ ಅಂತ ಮುಂದೆ ಹೋದೆ, ಮೀನಖಂಡದವರೆಗೆ ಬಂತು. ನೀರಿನಡಿಯ ಬೇರಿನ ಮೇಲೆ ಕಾಲಿಟ್ಟು ಅಮ್ಮ ಜಾರಿದಳು. ಕೋಲು ಊರಿದ್ದರಿಂದ ಬೀಳಲಿಲ್ಲ, ಆದರೆ ಬಲಗಾಲು ತಿರುಚಿಕೊಂಡು ಹದಿನೈದು ದಿನ ಮನೆ ಹಿಡಿದಳು. ಅವಳು ಒಂದು ಮಾತೂ ಆಡಲಿಲ್ಲ, ಅದು ನನಗೆ ಇನ್ನೂ ಕಷ್ಟವಾಯಿತು.

ಆ ಹದಿನೈದು ದಿನ ಕೂತು ಓದಿಕೊಂಡೆ. ಪೈನ್ ಮರಗಳ ಆ ಸಮನೆಲಕ್ಕೆ ಇಲ್ಲಿ ಫ್ಲಾಟ್‌ವುಡ್ಸ್ ಅನ್ನುತ್ತಾರೆ. ಅಲ್ಲಿ ಮರಳಿನ ಕೆಳಗೆ ಕೆಲವೇ ಅಡಿಯಲ್ಲಿ ಗಾರೆಯಂತೆ ಗಟ್ಟಿಯಾದ ಕಪ್ಪು ಪದರವೊಂದಿರುತ್ತದೆ. ನೀರು ಅದರ ಕೆಳಗೆ ಬೇಗ ಇಳಿಯುವುದಿಲ್ಲ, ಇಳಿಜಾರಿಲ್ಲದ್ದರಿಂದ ಪಕ್ಕಕ್ಕೂ ಹರಿಯುವುದಿಲ್ಲ, ಅಲ್ಲೇ ನಿಲ್ಲುತ್ತದೆ. ಆಮೇಲೆ ಗಿಡ ನೋಡಿ ನೆಲ ತಿಳಿಯುವುದನ್ನು ಕಲಿತೆ. ತಾಳೆಗರಿಯ ಬೀಸಣಿಗೆಗಳನ್ನು ನೆಲಕ್ಕೆ ಚುಚ್ಚಿದಂತೆ ಕಾಣುವ ಸಾ ಪಾಮೆಟೊ ಪೊದೆ ಒತ್ತಾಗಿದ್ದರೆ ಅಲ್ಲಿ ನೀರು ಬಹಳ ದಿನ ನಿಲ್ಲುವುದಿಲ್ಲ. ಬುಡ ದಪ್ಪಗೆ ಊದಿಕೊಂಡ ಸೈಪ್ರೆಸ್ ಮರ ಕಂಡರೆ ಅದು ನೀರಿನ ಮನೆ. ಅದರ ಕಾಂಡದ ಮೇಲೆ ನೀರಿನ ಗುರುತು ಗೆರೆ ಎಳೆದಂತೆ ಕಾಣುತ್ತದೆ. ಆ ಗೆರೆ ನನ್ನ ಸೊಂಟದ ಮಟ್ಟಕ್ಕಿದ್ದರೆ ಮಳೆಗಾಲದಲ್ಲಿ ಅಲ್ಲಿ ಸೊಂಟದ ಮಟ್ಟ ನೀರಿರುತ್ತದೆ ಅಂತ ಲೆಕ್ಕ. ಬೆಟ್ಟದ ಕಾಡು ಬದಲಾಗಲು ಸಾವಿರ ಅಡಿ ಏರಬೇಕು, ಇಲ್ಲಿ ಒಂದು ಮೊಳ ಏರಿಳಿತಕ್ಕೆ ಕಾಡೇ ಬೇರೆಯಾಗುತ್ತದೆ. ಇದು ಕಣ್ಣಿಗೆ ಬಿದ್ದ ದಿನದಿಂದ ಈ ನೆಲದ ಮೇಲೆ ನನಗೆ ಹುಟ್ಟಿದ ಪ್ರೀತಿ ಇವತ್ತಿಗೂ ಕಡಿಮೆಯಾಗಿಲ್ಲ.

ಸೈಪ್ರೆಸ್ ಬೇರಿನಿಂದ ನೀರಿನ ಮೇಲಕ್ಕೆ ಗೂಟಗಳು ಏಳುತ್ತವೆ. ಅವಕ್ಕೆ ಇಲ್ಲಿನವರು ಮೊಣಕಾಲು ಅಂತಲೇ ಹೆಸರಿಟ್ಟಿದ್ದಾರೆ. ಅಮ್ಮನಿಗೆ ಹೇಳಿದಾಗ ಒಂದರ ತಲೆ ಸವರಿ, “ನಿನಗೂ ಬಂತಾ” ಅಂದಳು.

ಕಾಲು ಸರಿಯಾದ ಮೇಲೆ ಫೆಬ್ರವರಿಯಲ್ಲಿ ಒಕಾಲಾ ನ್ಯಾಷನಲ್ ಫಾರೆಸ್ಟ್‌ಗೆ ಹೋದೆವು. 1908ರಲ್ಲಿ ಘೋಷಿಸಿದ ಕಾಡು, ಮಿಸಿಸಿಪ್ಪಿ ನದಿಯ ಪೂರ್ವಕ್ಕೆ ಮೊದಲನೆಯ ರಾಷ್ಟ್ರೀಯ ಅರಣ್ಯ. ಸುಮಾರು 1500 ಮೈಲಿಯ ಕಾಲ್ನಡಿಗೆಯ ದಾರಿ ಫ್ಲೋರಿಡಾ ಟ್ರೈಲ್‌ನ ಕೆಲಸ 1966ರಲ್ಲಿ ಶುರುವಾದದ್ದೂ ಇದೇ ಕಾಡಿನಲ್ಲಿ. ಮರಗಳ ಮೇಲೆ ಕಿತ್ತಳೆ ಬಣ್ಣದ ಪಟ್ಟಿ ಬಳಿದಿರುತ್ತಾರೆ. ಒಂದರ ಮೇಲೊಂದು ಎರಡು ಪಟ್ಟಿ ಕಂಡರೆ ಮುಂದೆ ತಿರುವಿದೆ ಅಂತ ಅರ್ಥ. ದಿಕ್ಕು ಹಿಡಿಯಲು ಒಂದು ಗುಡ್ಡವೂ ಇಲ್ಲದ ಕಾಡಿನಲ್ಲಿ ಆ ಪಟ್ಟಿಗಳೇ ಗತಿ. ಮುಂದಿನ ಪಟ್ಟಿ ಕಾಣದಿದ್ದರೆ ಹಿಂದಿನದಕ್ಕೆ ಬಂದು ನಿಲ್ಲುವುದು ನಮ್ಮ ನಿಯಮ. ಬೇಟೆಯ ಕಾಲದಲ್ಲಿ ಕಣ್ಣು ಕುಕ್ಕುವ ಕಿತ್ತಳೆ ಬಣ್ಣದ ಮೇಲಂಗಿ ಹಾಕಲೇಬೇಕು, ಯಾಕೆಂದರೆ ಈ ಕಾಡಿನಲ್ಲಿ ಬೇಟೆಗೆ ಅನುಮತಿ ಇದೆ.

ಅಲ್ಲಿ ಜೂನಿಪರ್ ಸ್ಪ್ರಿಂಗ್ಸ್‌ನ ಪಕ್ಕದಲ್ಲೇ ಫರ್ನ್ ಹ್ಯಾಮಕ್ ಅನ್ನುವ ಚಿಲುಮೆಗಳಿವೆ. ಹತ್ತು ನಿಮಿಷದ ನಡಿಗೆ. ಜೂನಿಪರ್‌ನಲ್ಲಿ ಈಜಬಹುದು, ಫರ್ನ್ ಹ್ಯಾಮಕ್‌ನಲ್ಲಿ ನೀರು ಮುಟ್ಟುವಂತಿಲ್ಲ, ಅದಕ್ಕೇ ಅದು ಹಾಗೆ ಉಳಿದಿದೆ. ಪುಟ್ಟ ಮರದ ಸೇತುವೆ ಮೇಲೆ ನಿಂತು ಬಗ್ಗಿ ನೋಡಿದರೆ ತಿಳಿನೀಲಿ ನೀರು, ತಳದಲ್ಲಿ ಬೆಳ್ಳನೆಯ ಮರಳು. ಆ ಮರಳು ಕುದಿಯುತ್ತಿರುತ್ತದೆ. ದೊಡ್ಡ ಹಂಡೆಯಲ್ಲಿ ಗಂಜಿ ಕುದಿಯುವಾಗ ನಡುವೆ ಉಬ್ಬಿ, ಅಂಚಿಗೆ ಸರಿದು, ಕೆಳಗಿಳಿದು ಮತ್ತೆ ನಡುವಿಗೆ ಬರುತ್ತದಲ್ಲ, ಹಾಗೆಯೇ, ಆದರೆ ಸದ್ದಿಲ್ಲ, ಆವಿಯಿಲ್ಲ. ಒಂದು ಕಡೆ ಬೋಗುಣಿಯಷ್ಟಗಲ, ಇನ್ನೊಂದು ಕಡೆ ಬೆರಳು ತೂರುವಷ್ಟು. ಓಕ್ ಎಲೆಯೊಂದು ಮುಳುಗಿ ಆ ಬಾಯಿಯ ಹತ್ತಿರ ಹೋಯಿತು, ಒಳಗಿಂದ ಬಂದ ನೀರು ಅದನ್ನು ಎತ್ತಿ ಪಕ್ಕಕ್ಕಿಟ್ಟಿತು. ಮತ್ತೆ ಹೋಯಿತು, ಮತ್ತೆ ಪಕ್ಕಕ್ಕಿಟ್ಟಿತು. ಆಮೆಯೊಂದು ಅದರ ಮೇಲೆಯೇ ಈಜಿಕೊಂಡು ಹೋಯಿತು. ಅಮ್ಮ ಕಟಕಟೆಗೆ ಗಲ್ಲ ಊರಿ ನಿಂತಿದ್ದಳು. ಚಿಕ್ಕವಳಿದ್ದಾಗ ತಲಪರಿಗೆಯ ಮರಳಿನ ಮೇಲೆ ಅಂಗೈ ಇಟ್ಟರೆ ಒಳಗಿಂದ ಯಾರೋ ಮೆಲ್ಲಗೆ ಒತ್ತಿದಂತೆ ಆಗುತ್ತಿತ್ತಂತೆ. ಅದನ್ನು ಅವಳು ಹೇಳಿದ್ದು ಅವತ್ತೇ ಮೊದಲು.

ಇಲ್ಲಿಯೂ ಎಲ್ಲ ಸರಿಯಿಲ್ಲ. ಪೋಕ್ ಕೌಂಟಿಯ ಕಿಸ್ಸೆಂಗೆನ್ ಚಿಲುಮೆಯಲ್ಲಿ ಒಂದು ಕಾಲಕ್ಕೆ ಜನ ಈಜುತ್ತಿದ್ದರು. ಅಂತರ್ಜಲ ಎತ್ತಿ ಎತ್ತಿ 1950ರ ಹೊತ್ತಿಗೆ ಅದು ಹರಿಯುವುದನ್ನೇ ನಿಲ್ಲಿಸಿತು. ಬೇರೆ ಎಷ್ಟೋ ಚಿಲುಮೆಗಳಲ್ಲಿ ಹೊಲದ, ಹುಲ್ಲುಹಾಸಿನ ಗೊಬ್ಬರ, ಶೌಚದ ಗುಂಡಿಗಳ ನೈಟ್ರೇಟ್ ಇಳಿದು ಪಾಚಿ ಕಟ್ಟಿದೆ. ನಮ್ಮ ಮನೆ ಮುಂದಿನ ಹುಲ್ಲಿಗೆ ಗೊಬ್ಬರ ಹಾಕುವುದನ್ನು ನಾನು ನಿಲ್ಲಿಸಿದ್ದೇನೆ.

ಅಪಾಯಗಳ ವಿಷಯ ಒಂದಿಷ್ಟು. ಮೊಸಳೆ ಜಾತಿಯ ಅಲಿಗೇಟರ್ ಎಲ್ಲ ನೀರಿನಲ್ಲೂ ಇರಬಹುದು ಅಂತಲೇ ನಡೆಯಬೇಕು. ದಂಡೆಯ ಅಂಚಿನಲ್ಲಿ ಕೂರಬಾರದು, ತಿನ್ನಲು ಹಾಕುವುದು ಕಾನೂನಿಗೂ ವಿರುದ್ಧ. ಮನೆಗೆ ಬಂದ ಕೂಡಲೇ ಉಣ್ಣೆ ಹುಳ ಅಂಟಿದೆಯಾ ಅಂತ ಮೈಯೆಲ್ಲ ನೋಡಿಕೊಳ್ಳಬೇಕು, ಮಂಡಿಯ ಹಿಂಭಾಗ ಮುಖ್ಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಧ್ಯಾಹ್ನವಾದರೆ ಗುಡುಗು ಸಿಡಿಲು, ವಯಸ್ಸಾದವರನ್ನು ಆಗ ಕರೆದೊಯ್ಯಲೇಬಾರದು, ನವೆಂಬರ್‌ನಿಂದ ಮಾರ್ಚ್ ಒಳ್ಳೆಯ ಕಾಲ. ನಮ್ಮವರಿಗೆ ವಿಶೇಷವಾಗಿ ಹೇಳಬೇಕಾದದ್ದು ಪಾಯಿಸನ್ ಐವಿ ಬಗ್ಗೆ. ಅದು ಮೂರೆಲೆಯ ಬಳ್ಳಿ, ಮುಟ್ಟಿದರೆ ಮೈ ಬೊಬ್ಬೆ ಏಳುತ್ತದೆ. ಮೂರೆಲೆ ಕಂಡರೆ ಅಮ್ಮನ ಕೈ ತಾನಾಗಿ ಮುಂದೆ ಹೋಗುತ್ತಿತ್ತು, ಬಿಲ್ವಪತ್ರೆ ಬಿಡಿಸಿದ ಅಭ್ಯಾಸ. ಎರಡು ಸಲ ಕೈ ಹಿಡಿದು ತಡೆದೆ.

ಮಾರ್ಚ್ ಕೊನೆಗೆ ಅವಳು ಒಮ್ಮೆಗೆ ಮೂರು ಮೈಲಿ ನಡೆಯುತ್ತಿದ್ದಳು. ಕೊನೆಯದಾಗಿ ಹೋದದ್ದು ಓಲೀನೊ ಸ್ಟೇಟ್ ಪಾರ್ಕ್, ಮನೆಯಿಂದ ಎರಡು ಗಂಟೆಗೂ ಮೇಲೆ. 1930ರ ದಶಕದ ಬಡತನದ ದಿನಗಳಲ್ಲಿ ಸರ್ಕಾರದ ಕೆಲಸದ ದಳವಾದ ಸಿವಿಲಿಯನ್ ಕನ್ಸರ್ವೇಶನ್ ಕೋರ್‌ನ ಹುಡುಗರು ಕಟ್ಟಿದ ತೂಗುಸೇತುವೆ ಅಲ್ಲಿ ಈಗಲೂ ಇದೆ. ಕೆಳಗೆ ಸಾಂಟಾ ಫೆ ನದಿ, ಎಲೆಗಳ ಒಗರು ಇಳಿದು ಹಾಲಿಲ್ಲದ ಚಹಾದ ಬಣ್ಣ. ಓಕ್ ಮರಗಳಿಂದ ಸ್ಪ್ಯಾನಿಶ್ ಮಾಸ್ ಜಡೆ ಜಡೆಯಾಗಿ ಇಳಿಬಿದ್ದಿರುತ್ತದೆ. ಪಾಚಿ ಅನ್ನುವುದು ಹೆಸರಿಗೆ ಮಾತ್ರ, ಅದು ಅನಾನಸ್ ಕುಟುಂಬದ ಗಿಡ. ನದಿಯ ಜೊತೆಗೇ ನಡೆದರೆ ಒಂದು ಕಡೆ ನದಿಯೇ ಮುಗಿಯುತ್ತದೆ. ದುಂಡನೆಯ ಮಡು, ಮೇಲೆ ಹಸಿರು ಹಿಟ್ಟು ಚೆಲ್ಲಿದಂಥ ಜಲಸಸ್ಯ, ಬಿದ್ದ ದಿಮ್ಮಿಗಳು ಗಡಿಯಾರದ ಮುಳ್ಳಿನಷ್ಟು ನಿಧಾನವಾಗಿ ಸುತ್ತುತ್ತಿರುತ್ತವೆ. ಅಲ್ಲಿಂದ ಮುಂದೆ ನೀರಿಲ್ಲ, ಕಾಡು. ನದಿ ಸುಣ್ಣಕಲ್ಲಿನೊಳಗೆ ಇಳಿದು ಮೂರು ಮೈಲಿಗೂ ಹೆಚ್ಚು ದೂರ ನೆಲದಡಿಯಲ್ಲಿ ಹೋಗುತ್ತದೆ.

“ಬರೋದು ಎಲ್ಲಿ?” ಅಂದಳು ಅಮ್ಮ. ಹೇಳಿದೆ. ಅಲ್ಲಿಯವರೆಗೆ ನಡೆಯುವುದು ಅವಳಿಂದ ಆಗದ ಮಾತು, ಹೋಗಿ ಬಂದರೆ ಎಂಟೊಂಬತ್ತು ಮೈಲಿ. “ಇಳಿದದ್ದು ನೋಡಿ, ಎದ್ದದ್ದು ನೋಡದೆ ಹೋಗಬಾರದು ಕಣೇ” ಅಂದಳು. ಊರಿಗೆ ಹೊರಡಲು ಹತ್ತು ದಿನ ಉಳಿದಿತ್ತು. ಮುಂದಿನ ಶನಿವಾರ ಮತ್ತೆ ಎರಡು ಗಂಟೆ ಕಾರು ಓಡಿಸಿದೆ. ಈ ಸಲ ಹೈ ಸ್ಪ್ರಿಂಗ್ಸ್ ಊರಿನ ಕಡೆಯಿಂದ, ನದಿ ಮತ್ತೆ ಮೇಲೇಳುವ ರಿವರ್ ರೈಸ್‌ಗೆ. ಮರಗಳ ನಡುವೆ ಕಪ್ಪನೆಯ ಮಡು, ಅಲೆಯಿಲ್ಲ, ಸದ್ದಿಲ್ಲ. ಒಂದು ಅಂಚಿನಿಂದ ಮಾತ್ರ ಅಗಲವಾದ ನದಿ ಹೊರಟು ಹೋಗುತ್ತಿತ್ತು. ಅಮ್ಮ ಕೋಲುಗಳೆರಡನ್ನೂ ಮರಕ್ಕೆ ಆನಿಸಿಟ್ಟು, ದಂಡೆಯಿಂದ ಐದಾರು ಹೆಜ್ಜೆ ಹಿಂದೆ ನಿಂತು ಕೈ ಮುಗಿದಳು.