ಒಂದು ಚೆಂಡು, 32 ಮಕ್ಕಳು: ಬ್ಯಾಸ್ಕೆಟ್‌ಬಾಲ್ ಕಲಿಸುವುದು ಹೇಗೆ?

ಸಕಲೇಶಪುರ, ಮೂಡಿಗೆರೆ ಕಡೆಯ ಶಾಲೆಗಳಲ್ಲಿ ಬ್ಯಾಸ್ಕೆಟ್‌ಬಾಲ್ ಕಲಿಸ ಹೊರಟ ಪಿಟಿ ಮೇಷ್ಟ್ರಿಗೆ ಮೊದಲು ಅಡ್ಡ ಬರುವುದು ಮಳೆ. ಅದು ಬಿಟ್ಟು ಅಂಗಳ ಆರಿತು ಅನ್ನುವಾಗ ಎರಡನೇ ತೊಡಕು: ಇರುವ ಒಂದು ಚೆಂಡು ನಾಲ್ಕು ಚುರುಕು ಹುಡುಗರ ಕೈಯಲ್ಲೇ ಸುತ್ತುತ್ತದೆ, ಉಳಿದವರು ಗೆರೆಯಾಚೆ ನಿಂತು ನೋಡುತ್ತಾರೆ. ಸಾಲು ನಿಲ್ಲಿಸಿ ಎಸೆಸಿದರೆ ಪೀರಿಯಡ್ಡೇ ಮುಗಿದಿರುತ್ತದೆ.

ಇದಕ್ಕೆ ಸಹಕಾರಿ ಕಲಿಕೆಯ 'ಜಿಗ್‌ಸಾ' ಪದ್ಧತಿ ಚೆನ್ನಾಗಿ ಒಗ್ಗುತ್ತದೆ: ಒಬ್ಬೊಬ್ಬರು ಒಂದೊಂದು ತುಣುಕು ಕಲಿತು ಉಳಿದವರಿಗೆ ಕಲಿಸುವುದು. ಮನೋವಿಜ್ಞಾನಿ ಎಲಿಯಟ್ ಆರನ್‌ಸನ್ 1971ರಲ್ಲಿ ಅಮೆರಿಕದ ಆಸ್ಟಿನ್ ನಗರದ ತರಗತಿಗಳಿಗಾಗಿ ರೂಪಿಸಿದ್ದು. ಪಾಠಕ್ಕೆಂದು ಹುಟ್ಟಿದರೂ ಮೈದಾನದಲ್ಲೂ ನಡೆಯುತ್ತದೆ.

ಮೊದಲು ನಾಲ್ಕು ನಾಲ್ಕು ಮಕ್ಕಳ ಎಂಟು ತಂಡ ಮಾಡಿ. ಆಯ್ಕೆ ಮಕ್ಕಳಿಗೆ ಬಿಡಬೇಡಿ, ಗೆಳೆಯರೆಲ್ಲ ಒಂದೇ ಕಡೆ ಸೇರುತ್ತಾರೆ. ಆಮೇಲೆ ಪ್ರತಿ ತಂಡದಿಂದ ಒಬ್ಬೊಬ್ಬರನ್ನು ಒಂದೊಂದು ಕೌಶಲಕ್ಕೆ ಕಳಿಸಿ: ಡ್ರಿಬ್ಲಿಂಗ್ (ಚೆಂಡು ಪುಟಿಸುತ್ತ ಸಾಗುವುದು), ಚೆಸ್ಟ್ ಪಾಸ್ (ಎದೆಮಟ್ಟದಿಂದ ಎರಡೂ ಕೈಯಲ್ಲಿ ಜೊತೆಗಾರನಿಗೆ ಎಸೆಯುವುದು), ಸೆಟ್ ಶಾಟ್ (ನಿಂತಲ್ಲಿಂದಲೇ ಹಾರದೆ ಬುಟ್ಟಿಗೆ ಎಸೆಯುವುದು), ಲೇ-ಅಪ್ (ಓಡಿ ಬಂದು ಬುಟ್ಟಿಯ ಹತ್ತಿರ ಹಾರಿ ಚೆಂಡು ಹಾಕುವುದು). ಒಂದೇ ಕೌಶಲದ ಎಂಟು ಮಂದಿ ಒಟ್ಟಿಗೆ ಕಲಿಯಲಿ. ಡ್ರಿಬ್ಲಿಂಗ್‌ನವರಿಗೆ ಮಳೆಯಲ್ಲೂ ಜಗಲಿ ಸಾಕು. ಚೆಂಡು ಸಾಲದಿದ್ದರೆ ಫುಟ್‌ಬಾಲ್ ಕೊಡಿ. 1891ರಲ್ಲಿ ಈ ಆಟ ಕಟ್ಟಿದ ಜೇಮ್ಸ್ ನೈಸ್ಮಿತ್ ಆಡಿಸಿದ್ದೂ ಫುಟ್‌ಬಾಲಿನಲ್ಲೇ, ಪೀಚ್ ಹಣ್ಣಿನ ಬುಟ್ಟಿ ನೇತುಹಾಕಿ.

ಈಗ ಎಲ್ಲರೂ ತಮ್ಮ ತಂಡಕ್ಕೆ ಮರಳಿ, ಕಲಿತದ್ದನ್ನು ಉಳಿದ ಮೂವರಿಗೆ ಕಲಿಸಬೇಕು. ಎಲ್ಲಿ ನೋಡಬೇಕೆಂದು ಮಾತ್ರ ನೀವು ಹೇಳಿಕೊಡಿ. ಲೇ-ಅಪ್ ತೆಗೆದುಕೊಳ್ಳಿ. ಬಲಗಡೆಯಿಂದ ಬರುವವನು ಚೆಂಡು ಹಿಡಿದು ಬಲ, ಎಡ ಎಂದು ಎರಡೇ ಹೆಜ್ಜೆ ಇಡಬೇಕು. ಎಡಗಾಲಲ್ಲಿ ಚಿಮ್ಮಿ, ಬಲ ಮಂಡಿ ಎತ್ತಿ, ರಿಂಗಿನ ಹಿಂದಿನ ಬೋರ್ಡಿನ ಚೌಕದ ಬಲ ಮೇಲ್ಮೂಲೆಗೆ ಚೆಂಡು ಮುಟ್ಟಿಸಬೇಕು. ಕಲಿಸುವ ಹುಡುಗಿ ಚೆಂಡನ್ನು ನೋಡಲೇಬಾರದು, ಕಾಲನ್ನೇ ನೋಡಬೇಕು. 'ಬುಟ್ಟಿಗೆ ಬಿತ್ತು, ಆದರೆ ಬಲಗಾಲಲ್ಲಿ ಹಾರಿದೆ' ಎಂದು ಅವಳು ಹೇಳಿದರೆ ಅರ್ಧ ಪಾಠ ಆದಂತೆಯೇ. ಚಿಕ್ಕ ಮಕ್ಕಳಿಗೆ 3.05 ಮೀಟರ್ ರಿಂಗ್ ತೀರಾ ಎತ್ತರ. ಮಿನಿ ಬ್ಯಾಸ್ಕೆಟ್‌ಬಾಲಿನಲ್ಲಿ 2.60 ಮೀಟರ್. ರಿಂಗೇ ಇಲ್ಲದಿದ್ದರೆ ಗೋಡೆಗೆ ಸೀಮೆಸುಣ್ಣದ ಚೌಕ.

ಅಂಕ ಕೊಡುವುದರಲ್ಲೇ ಎಲ್ಲ ಇದೆ. ಚೀಟಿ ಎತ್ತಿ, ಹೆಸರು ಬಂದವರು ಲೇ-ಅಪ್ ಮಾಡಿ ತೋರಿಸಲಿ, ಆ ಅಂಕ ಇಡೀ ತಂಡಕ್ಕೆ. ಯಾರ ಹೆಸರು ಬರುತ್ತದೋ ಗೊತ್ತಿಲ್ಲದಾಗ ಚುರುಕು ಹುಡುಗ ತಾನೇ ಹೋಗಿ ಹಿಂಜರಿಯುವವಳಿಗೆ ಹೇಳಿಕೊಡುತ್ತಾನೆ. ಪರೋಪಕಾರವೇನಲ್ಲ, ಅಂಕದ ಆಸೆ. ಇರಲಿ ಬಿಡಿ, ಕೆಲಸ ಆಗುತ್ತದೆ. ಗುಂಪಿಗೇ ಅಂಕ ಕೊಟ್ಟು ಒಬ್ಬೊಬ್ಬರನ್ನು ಪರೀಕ್ಷಿಸದೆ ಬಿಟ್ಟರೆ ಮಾತ್ರ ಇಬ್ಬರು ದುಡಿದು ಇಬ್ಬರು ಕೂರುತ್ತಾರೆ.

ಕೊನೆಗೆ ಅರ್ಧ ಅಂಕಣದಲ್ಲಿ ನಾಲ್ವರ ಎದುರು ನಾಲ್ವರ ಪಂದ್ಯ. ತಂಡದ ನಾಲ್ವರೂ ಒಮ್ಮೆಯಾದರೂ ಚೆಂಡು ಮುಟ್ಟುವ ಮೊದಲೇ ಎಸೆದರೆ ಬುಟ್ಟಿಗೆ ಬಿದ್ದರೂ ಲೆಕ್ಕಕ್ಕಿಲ್ಲ. ಮುಗಿದ ಮೇಲೆ ಐದು ನಿಮಿಷ ಕೂರಿಸಿ, ಯಾರ ಯಾವ ಮಾತಿನಿಂದ ಆಟ ಸುಧಾರಿಸಿತು ಎಂದು ಕೇಳಿ. ಮೊದಮೊದಲು ಗಲಾಟೆಯೋ ಗಲಾಟೆ. ಪಕ್ಕದ ಕೊಠಡಿಯ ಗಣಿತದ ಮೇಷ್ಟ್ರಿಗೆ ಮುಂಚೆಯೇ ಹೇಳಿಡಿ.