ಜೇಬಿಗೊಂದು ಮಡಚುವ ಚಾಕು ಕೊಳ್ಳುವ ಮುಂಚೆ

ಅಂಗಡಿಗೆ ಹೋಗುವ ಮುಂಚೆ ಒಂದು ವಾರ ಕಾಯಿರಿ. ಆ ವಾರದಲ್ಲಿ "ಅಯ್ಯೋ, ಒಂದು ಚಾಕು ಇದ್ದಿದ್ರೆ" ಅಂತ ಅನ್ನಿಸಿದಾಗಲೆಲ್ಲ ಏನು ಕೊಯ್ಯೋಕೆ ಬೇಕಾಗಿತ್ತು ಅಂತ ಮೊಬೈಲಿನಲ್ಲಿ ಬರೆದಿಟ್ಟುಕೊಳ್ಳಿ. ನಮ್ಮದು ಹಿರಿಯೂರು ಕಡೆ ಹೊಲ, ಈರುಳ್ಳಿ ಮತ್ತು ಸ್ವಲ್ಪ ದಾಳಿಂಬೆ. ನನ್ನ ಪಟ್ಟಿ ಹೀಗಿತ್ತು: ಚೀಲ ಕಟ್ಟಿದ ಹುರಿ, 16 ಎಂಎಂ ಡ್ರಿಪ್ ಪೈಪು, ಗೊಬ್ಬರದ ಚೀಲದ ಬಾಯಿ, ಮಧ್ಯಾಹ್ನ ಬುತ್ತಿ ಜೊತೆಗೆ ಸೌತೆಕಾಯಿ. ದಾವಣಗೆರೆಯಲ್ಲಿ ಅಂಗಡಿ ಇಟ್ಟಿರುವ ನಮ್ಮ ಭಾವನ ಪಟ್ಟಿಯಲ್ಲಿ ಬರೀ ರಟ್ಟಿನ ಡಬ್ಬಿ, ಪ್ಲಾಸ್ಟಿಕ್ ಪಟ್ಟಿ, ಸುತಳಿ. ಇಬ್ಬರಿಗೂ ಒಂದೇ ಚಾಕು ಸರಿಹೋಗಲ್ಲ. ಆದರೆ ಎರಡೂ ಪಟ್ಟಿಯಲ್ಲಿ ಮೂರು ಇಂಚಿಗಿಂತ ಉದ್ದದ ಅಲಗು ಬೇಕಾದ ಕೆಲಸ ಒಂದೂ ಇರಲಿಲ್ಲ ಅನ್ನೋದನ್ನು ಗಮನಿಸಿ.

ಅದಕ್ಕೇ ಅಳತೆಯಿಂದ ಶುರು ಮಾಡೋಣ. ದಿನಾ ಜೇಬಿನಲ್ಲಿ ಇಡುವ ಚಾಕುವಿಗೆ 6ರಿಂದ 8 ಸೆಂಟಿಮೀಟರ್ ಅಲಗು ಧಾರಾಳವಾಗಿ ಸಾಕು. ತೂಕ 100 ಗ್ರಾಂ ಒಳಗೇ ಇರಲಿ. ಅದಕ್ಕಿಂತ ಭಾರ ಆದರೆ ಮೊದಲ ಹದಿನೈದು ದಿನ ಖುಷಿಯಿಂದ ಇಟ್ಟುಕೊಳ್ಳುತ್ತೀರಿ, ಆಮೇಲೆ ಅದು ಬೀರುವಿನಲ್ಲೇ ಉಳಿಯುತ್ತದೆ. ಅಲಗಿನ ದಪ್ಪವನ್ನೂ ನೋಡಿ. ತುಂಬಾ ಜನ ದಪ್ಪ ಇದ್ದರೆ ಗಟ್ಟಿ ಅಂತ ತಿಳಿದು ನಾಲ್ಕು ಮಿಲಿಮೀಟರ್ ದಪ್ಪದ್ದನ್ನು ತರುತ್ತಾರೆ, ಅದು ಸೌತೆಕಾಯಿಯನ್ನು ಕೊಯ್ಯೋ ಬದಲು ಸೀಳುತ್ತದೆ, ರಟ್ಟಿನಲ್ಲಿ ಸಿಕ್ಕಿಕೊಳ್ಳುತ್ತದೆ. 2 ಮಿಲಿಮೀಟರ್ ಆಸುಪಾಸಿನ ಅಲಗು ಕೊಯ್ಯುವ ಕೆಲಸಕ್ಕೆ ಬಹಳ ಚೆನ್ನ. ಕೊಂಬೆ ಕಡಿಯೋಕೆ ಮಚ್ಚು ಇದೆ, ಅಡಿಕೆಗೆ ಅಡಕತ್ತರಿ ಇದೆ, ಜೇಬಿನ ಚಾಕುವಿನಿಂದ ಆ ಕೆಲಸ ಮಾಡಿಸಬೇಡಿ.

ಈಗ ಲಾಕ್ ವಿಚಾರ, ಅಂದ್ರೆ ತೆರೆದ ಅಲಗು ತಾನಾಗಿ ಮಡಚಿಕೊಳ್ಳದಂತೆ ತಡೆಯುವ ಭಾಗ. ಇದನ್ನು ಸ್ವಲ್ಪ ನಿಧಾನಕ್ಕೆ ಓದಿ, ಯಾಕಂದ್ರೆ ನಿಮ್ಮ ಬೆರಳು ಉಳಿಯೋದು ಇದರ ಮೇಲೆ. ಕೆಲವು ವರ್ಷದ ಹಿಂದೆ ನಾನು ಜಾತ್ರೆಯಲ್ಲಿ ಇನ್ನೂರು ರೂಪಾಯಿಗೆ ಒಂದು ಚಾಕು ತಂದಿದ್ದೆ. ನೋಡೋಕೆ ಜೋರಾಗಿತ್ತು, ಕಪ್ಪು ಬಣ್ಣ, ಹಿಡಿಯ ಮೇಲೆ ಗೀರು ಗೀರು. ಡ್ರಿಪ್ ಪೈಪು ಕೊಯ್ಯುವಾಗ ಸ್ವಲ್ಪ ಒತ್ತಿದ್ದೇ ತಡ, ಲಾಕ್ ಜಾರಿತು, ಅಲಗು ಮಡಚಿಕೊಂಡು ತೋರುಬೆರಳಿನ ಮೇಲೆ ಕೂತಿತು. ಮೂರು ಹೊಲಿಗೆ. ಬೆರಳಿನ ತುದಿ ಈಗಲೂ ಚಳಿಗಾಲದಲ್ಲಿ ಜೋಮು ಹಿಡಿಯುತ್ತದೆ.

ಲಾಕ್‌ಗಳಲ್ಲಿ ನೀವು ಜಾಸ್ತಿ ನೋಡುವುದು ಲೈನರ್ ಲಾಕ್. ಹಿಡಿಯ ಒಳಗೆ ಒಂದು ತೆಳು ಸ್ಟೀಲ್ ಪಟ್ಟಿ ಇರುತ್ತದೆ, ಅಲಗು ಪೂರ್ತಿ ತೆರೆದಾಗ ಅದು ಟಕ್ ಅಂತ ಪಕ್ಕಕ್ಕೆ ಬಂದು ಅಲಗಿನ ಬುಡಕ್ಕೆ ಅಡ್ಡ ನಿಲ್ಲುತ್ತದೆ. ಅಂಗಡಿಯಲ್ಲೇ ಚಾಕು ತೆರೆದು ಆ ಬುಡವನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ. ಪಟ್ಟಿ ಬುಡದ ಅಂಚಿಗೆ ಸುಮ್ನೆ ತಾಗಿದ್ದರೆ ಬೇಡವೇ ಬೇಡ. ಹೊಸ ಚಾಕುವಿನಲ್ಲಿ ಪಟ್ಟಿ ಆಗಲೇ ಆ ಕಡೆಯ ಗೋಡೆಗೆ ಹೋಗಿ ತಾಗಿದ್ದರೂ ಬೇಡ, ಮುಂದೆ ಸವೆದಾಗ ಅದಕ್ಕೆ ಸರಿಯೋಕೆ ಜಾಗವೇ ಇರಲ್ಲ. ಬುಡದ ಕಾಲು ಭಾಗದಿಂದ ಅರ್ಧದವರೆಗೆ ಬಂದು ನಿಂತಿದ್ದರೆ ಒಳ್ಳೆಯದು. ಆಮೇಲೆ ಬೆರಳುಗಳನ್ನು ಅಲಗು ಮಡಚುವ ದಾರಿಯಿಂದ ಪೂರ್ತಿ ದೂರ ಇಟ್ಟು, ಇನ್ನೊಂದು ಅಂಗೈಯಿಂದ ಅಲಗಿನ ಬೆನ್ನನ್ನು ಮಡಚುವ ಕಡೆಗೆ ಮೆತ್ತಗೆ ಒತ್ತಿ. ಅಲುಗಾಡಬಾರದು. ಅಲಗನ್ನು ಎಡಕ್ಕೆ ಬಲಕ್ಕೆ ಆಡಿಸಿಯೂ ನೋಡಿ. ಮಡಚಿದಾಗ ಅಲಗು ಹಿಡಿಯ ನಡುವೆ ಕೂರಬೇಕು, ಒಂದು ಪಕ್ಕಕ್ಕೆ ಉಜ್ಜುತ್ತಿದ್ದರೆ ತಯಾರಿಯೇ ಸರಿ ಇಲ್ಲ ಅಂತ ಅರ್ಥ. ಅಂಗಡಿಯವರು "ಇಷ್ಟೆಲ್ಲ ಯಾಕೆ ನೋಡ್ತೀರಾ ಅಣ್ಣಾ" ಅಂತ ಕೇಳಬಹುದು, ಕೇಳಲಿ. ಆನ್‌ಲೈನ್‌ನಲ್ಲಿ ತರಿಸಿದರೆ ಬಂದ ದಿನವೇ ಇದನ್ನೆಲ್ಲ ನೋಡಿ, ವಾಪಸ್ ಕಳಿಸುವ ಗಡುವು ಮುಗಿಯೋವರೆಗೂ ಬಿಡಬೇಡಿ.

ಹಿಡಿಯ ಬೆನ್ನಿನಲ್ಲಿ ಒತ್ತುವ ಬ್ಯಾಕ್ ಲಾಕ್ ಇನ್ನೊಂದು ಬಗೆ. ಅಮೆರಿಕದ ಬಕ್ ಕಂಪನಿಯ 110 ಅನ್ನೋ ಚಾಕು 1960ರ ದಶಕದಲ್ಲಿ ಇದನ್ನು ಎಲ್ಲ ಕಡೆ ಹೆಸರು ಮಾಡಿಸಿತು. ಗಟ್ಟಿ ಲಾಕ್, ಆದರೆ ಒಂದೇ ಕೈಯಲ್ಲಿ ಮಡಚೋದು ಕಷ್ಟ. ನನಗೆ ತುಂಬಾ ಇಷ್ಟ ಆಗೋದು ಫ್ರಾನ್ಸಿನ ಒಪಿನೆಲ್ ಚಾಕುವಿನ ಉಂಗುರ. ಆ ಕಂಪನಿ 1890ರಿಂದ ಇದೆ, ತಿರುಗಿಸಿ ಲಾಕ್ ಮಾಡುವ ಉಂಗುರ ಬಂದದ್ದು 1955ರಲ್ಲಿ. ಮರದ ಹಿಡಿ, ತೆಳು ಅಲಗು, 8ನೇ ನಂಬರಿನದ್ದಕ್ಕೆ ಎಂಟೂವರೆ ಸೆಂಟಿಮೀಟರ್ ಅಲಗು. ಉಂಗುರ ತಿರುಗಿಸಿದ್ದೀರಾ ಇಲ್ವಾ ಅಂತ ಕಣ್ಣಿಗೇ ಕಾಣುತ್ತದೆ, ಜಾರುವ ತೆಳು ಪಟ್ಟಿ ಅದರಲ್ಲಿ ಇಲ್ಲ. ಒಂದೇ ತೊಂದರೆ, ಮಳೆಯಲ್ಲಿ ನೆನೆದರೆ ಮರ ಉಬ್ಬಿ ಅಲಗು ಹೊರಗೇ ಬರಲ್ಲ. ನಮ್ಮ ಹಿರಿಯೂರು, ಚಳ್ಳಕೆರೆ ಒಣಹವೆಗೆ ಅದು ದೊಡ್ಡ ಸಮಸ್ಯೆ ಅಲ್ಲ, ಭದ್ರಾ ನಾಲೆ ಕೆಳಗೆ ಗದ್ದೆಯಲ್ಲಿ ಕೆಲಸ ಮಾಡೋರು ಮಾತ್ರ ಯೋಚನೆ ಮಾಡಿ.

ಸ್ವಿಟ್ಜರ್ಲೆಂಡಿನ ವಿಕ್ಟೋರಿನಾಕ್ಸ್ ಎಲ್ಲರಿಗೂ ಗೊತ್ತು. ಆ ಕೆಂಪು ಚಾಕುಗಳಲ್ಲಿ ಹೆಚ್ಚಿನವಕ್ಕೆ ಲಾಕ್ ಇಲ್ಲ, ಬರೀ ಸ್ಪ್ರಿಂಗ್ ಬಿಗಿ. ಅದಕ್ಕೇ ಅದರಿಂದ ಚುಚ್ಚುವ, ತೂತು ಮಾಡುವ ಕೆಲಸ ಮಾಡಬೇಡಿ, ಎಳೆದು ಕೊಯ್ಯುವ ಕೆಲಸಕ್ಕೆ ಮಾತ್ರ ಬಳಸಿ. ಭಾವನಿಗೆ ನಾನು ಕೊಡಿಸಿದ್ದು ಅದರಲ್ಲೇ ಮಡಚಿದಾಗ 58 ಮಿಲಿಮೀಟರ್ ಉದ್ದ ಇರುವ ಪುಟ್ಟದ್ದು, ಕತ್ತರಿ ಇರುವಂಥದ್ದು. ಬೀಗದ ಕೈ ಗೊಂಚಲಿಗೆ ಹಾಕಿಕೊಂಡಿದ್ದಾರೆ, ದಿನಕ್ಕೆ ಇಪ್ಪತ್ತು ಸಲ ತೆಗೀತಾರೆ.

ಸ್ಟೀಲ್ ಬಗ್ಗೆ ಜನ ಗಂಟೆಗಟ್ಟಲೆ ವಾದ ಮಾಡುತ್ತಾರೆ. ನಿಮಗೆ ಬೇಕಾದಷ್ಟು ಹೇಳುತ್ತೇನೆ. ಕಾರ್ಬನ್ ಸ್ಟೀಲ್ ಬೇಗ ಹರಿತ ಆಗುತ್ತದೆ, ಬೇಗ ತುಕ್ಕು ಹಿಡಿಯುತ್ತದೆ. ಈರುಳ್ಳಿ, ನಿಂಬೆ, ದಾಳಿಂಬೆ ತಾಗಿದರೆ ಕಪ್ಪಾಗುತ್ತದೆ. ಆ ಕಪ್ಪು ತುಕ್ಕಲ್ಲ, ಹೆದರಬೇಡಿ, ಆದರೆ ಹಣ್ಣಿಗೆ ಕಬ್ಬಿಣದ ರುಚಿ ಬರಬಹುದು. ಸ್ಟೇನ್‌ಲೆಸ್‌ನಲ್ಲಿ 12ಸಿ27, 14ಸಿ28ಎನ್, 8ಸಿಆರ್13ಎಂಒವಿ ಅನ್ನೋ ಹೆಸರು ಕಂಡರೆ ಧೈರ್ಯವಾಗಿ ತಗೊಳ್ಳಿ, ಮನೆಯ ಕಲ್ಲಿನಲ್ಲೇ ಸಾಣೆ ಹಿಡಿಯಬಹುದು. ಡಿ2 ತುಂಬಾ ದಿನ ಹರಿತ ಉಳಿಸಿಕೊಳ್ಳುತ್ತದೆ, ಒಮ್ಮೆ ಮೊಂಡಾದರೆ ಮಾತ್ರ ಅಭ್ಯಾಸ ಇಲ್ಲದವರ ಕೈ ಸೋಲುತ್ತದೆ. ಯಾವ ಸ್ಟೀಲ್ ಅಂತ ಎಲ್ಲೂ ಬರೆಯದೆ ಬರೀ "ಡಮಾಸ್ಕಸ್" (ಪದರ ಪದರ ಸ್ಟೀಲ್ ಬೆಸೆದು ಮಾಡಿದ್ದು) ಅಂತ ಅಲೆ ಅಲೆ ಗೆರೆ ತೋರಿಸುವ ಅಗ್ಗದ ಚಾಕು ಬೇಡ. ಆ ಗೆರೆ ಎಷ್ಟೋ ಸಲ ಬರೀ ಮೇಲಿನ ಅಚ್ಚು ಆಗಿರುತ್ತದೆ.

ಎಲ್ಲಿ ಇಟ್ಟುಕೊಳ್ಳುತ್ತೀರಿ ಅನ್ನೋದನ್ನೂ ಈಗಲೇ ಯೋಚಿಸಿ. ಜೀನ್ಸ್ ಹಾಕೋರಿಗೆ ಕ್ಲಿಪ್ ಅನುಕೂಲ. ಪಂಚೆ ಉಡೋರಿಗೆ ಕ್ಲಿಪ್ ಪ್ರಯೋಜನ ಇಲ್ಲ, ಪಟಾಪಟಿ ಚಡ್ಡಿಯ ಜೇಬಿಗೆ ತೆಳ್ಳಗಿನ, ಕ್ಲಿಪ್ ಇಲ್ಲದ ಚಾಕುವೇ ಸರಿ. ಅಂಗಿ ಜೇಬಿನಲ್ಲಿ ಇಟ್ಟು ಬಗ್ಗಿದರೆ ಬಾವಿಗೋ ತೊಟ್ಟಿಗೋ ಬೀಳುತ್ತದೆ. ನನ್ನದೊಂದು ಹಾಗೇ ಹೋಯಿತು.

ಕಾನೂನಿನ ಮಾತು. 1959ರ ಶಸ್ತ್ರಾಸ್ತ್ರ ಕಾಯ್ದೆಯ ನಿಯಮಗಳಲ್ಲಿ ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇರುವ ಚಾಕುಗಳನ್ನು ಆಯುಧದ ಪಟ್ಟಿಯಲ್ಲಿ ಸೇರಿಸಿದ್ದಾರೆ. ಮನೆಗೆಲಸ, ಬೇಸಾಯ, ಕೈಗಾರಿಕೆಗೆ ಅಂತ ಮಾಡಿದವನ್ನು ಹೊರಗಿಟ್ಟಿದ್ದಾರೆ. ನಾವು ಹೇಳುತ್ತಿರುವ ಚಾಕು ಆ ಅಳತೆಗಿಂತ ಬಹಳ ಸಣ್ಣದು. ಹಾಗಂತ ಎಲ್ಲಿಗೆ ಬೇಕಾದರೂ ಒಯ್ಯಬಹುದು ಅಂತಲ್ಲ. ಕೋರ್ಟು, ಶಾಲೆ, ಮತಗಟ್ಟೆಗೆ ಹೋಗುವಾಗ, ಊರಲ್ಲಿ ನಿಷೇಧಾಜ್ಞೆ ಇದ್ದಾಗ ಮನೆಯಲ್ಲೇ ಬಿಡಿ. ವಿಮಾನ ಹತ್ತೋದಿದ್ದರೆ ಕೈಚೀಲದಲ್ಲಿ ಬೇಡ, ಚೆಕ್‌ಇನ್ ಬ್ಯಾಗಿಗೆ ಹಾಕಿ. ಬಟನ್ ಒತ್ತಿದರೆ ಚಟ್ ಅಂತ ಹಾರುವ ಚಾಕು ಕೊಳ್ಳಲೇಬೇಡಿ, ನಿಮ್ಮ ಪಟ್ಟಿಯಲ್ಲಿರುವ ಯಾವ ಕೆಲಸಕ್ಕೂ ಅದು ಬೇಕಿಲ್ಲ. ಜಗಳಕ್ಕೆ ಆಗುತ್ತದೆ, ಆತ್ಮರಕ್ಷಣೆಗೆ ಆಗುತ್ತದೆ ಅಂತ ಕೊಳ್ಳೋರಿಗೆ ನಾನು ಹೇಳೋದು ಒಂದೇ, ದಯವಿಟ್ಟು ಕೊಳ್ಳಬೇಡಿ.

ಕೊಂಡ ಮೇಲೆ ಹರಿತ ಇಟ್ಟುಕೊಳ್ಳೋದು ನಿಮ್ಮ ಕೈಯಲ್ಲಿದೆ. ಮೊಂಡು ಚಾಕುವಿಗೆ ಜಾಸ್ತಿ ಒತ್ತಬೇಕಾಗುತ್ತದೆ, ಜಾಸ್ತಿ ಒತ್ತಿದಾಗಲೇ ಅದು ಜಾರಿ ಕೈ ಕೊಯ್ಯೋದು. ಬೀದಿಯಲ್ಲಿ ಚಕ್ರ ತಿರುಗಿಸಿ ಸಾಣೆ ಹಿಡಿಯುವವರ ಹತ್ತಿರ ಕುಡುಗೋಲು, ಮಚ್ಚು ಕೊಡಿ, ಈ ತೆಳು ಅಲಗು ಕೊಡಬೇಡಿ. ಒಣ ಚಕ್ರದ ಬಿಸಿಗೆ ಅಂಚು ನೀಲಿ ಬಣ್ಣಕ್ಕೆ ತಿರುಗಿದರೆ ಸ್ಟೀಲಿನ ಹದ ಹೋಯಿತು, ಆಮೇಲೆ ಎಷ್ಟು ಉಜ್ಜಿದರೂ ಹರಿತ ನಿಲ್ಲಲ್ಲ. ಎರಡು ಮುಖದ ಒಂದು ಸಾಣೆ ಕಲ್ಲು ತಂದು ನೀರು ಹಾಕಿ ಮನೆಯಲ್ಲೇ ಉಜ್ಜಿ. ಎಷ್ಟು ಓರೆ ಹಿಡಿಯಬೇಕು ಅಂತ ಗೊತ್ತಾಗದಿದ್ದರೆ ಒಂದು ಕಾಗದದ ಮೂಲೆಯನ್ನು ಅರ್ಧಕ್ಕೆ ಮಡಚಿ, ಮತ್ತೆ ಅರ್ಧಕ್ಕೆ ಮಡಚಿ. ಸುಮಾರು 22 ಡಿಗ್ರಿ ಓರೆ ಸಿಗುತ್ತದೆ, ಅಷ್ಟು ಅಥವಾ ಅದಕ್ಕಿಂತ ಒಂದು ಚೂರು ಕಡಿಮೆ ಸಾಕು. ಒಂದು ಪಕ್ಕ ಉಜ್ಜಿದಾಗ ಇನ್ನೊಂದು ಪಕ್ಕದಲ್ಲಿ ಬೆರಳಿಗೆ ಸಣ್ಣ ಜುಂಗು ತಾಗುತ್ತದೆ, ಅದು ಅಂಚಿನ ಉದ್ದಕ್ಕೂ ಬಂದ ಮೇಲೆ ಪಕ್ಕ ಬದಲಿಸಿ. ಕೊನೆಗೆ ಹಳೇ ಚರ್ಮದ ಬೆಲ್ಟಿನ ಒಳಮೈ ಮೇಲೆ ಅಲಗಿನ ಬೆನ್ನು ಮುಂದಾಗಿ ಹತ್ತು ಸಲ ಎಳೆಯಿರಿ.

ಅಲಗು ತಿರುಗುವ ಕೀಲಿಗೆ ತಿಂಗಳಿಗೊಮ್ಮೆ ಒಂದು ತೊಟ್ಟು ಹೊಲಿಗೆ ಯಂತ್ರದ ಎಣ್ಣೆ ಬಿಟ್ಟು, ಹೊರಗೆ ಬಂದದ್ದನ್ನು ಒರೆಸಿ. ಹಣ್ಣು ತರಕಾರಿ ಕೊಯ್ಯೋರು ಅಲಗಿಗೆ ಮಾತ್ರ ಕೊಬ್ಬರಿ ಎಣ್ಣೆ ಸವರಿ. ಮಣ್ಣು ಹೊಕ್ಕರೆ ಬಿಸಿ ನೀರಲ್ಲಿ ಹಳೇ ಹಲ್ಲುಜ್ಜುವ ಬ್ರಷ್ ಹಾಕಿ ತಿಕ್ಕಿ, ಪೂರ್ತಿ ಒಣಗಿಸಿ. ಮರದ ಹಿಡಿ ಇದ್ದರೆ ನೀರಲ್ಲಿ ಮುಳುಗಿಸಬೇಡಿ.

ಆಯುಧ ಪೂಜೆ ದಿನ ನಾನು ಕುಡುಗೋಲು, ಸ್ಪ್ಯಾನರ್ ಜೊತೆಗೆ ಇದನ್ನೂ ತೊಳೆದು ಇಡುತ್ತೇನೆ. ಮಾರನೇ ದಿನ ಮಡಚುವ ಮುಂಚೆ ಕೀಲಿನ ಸಂದಿಯಲ್ಲಿ ಕೂತ ಅರಿಶಿನ ಕುಂಕುಮವನ್ನು ಕಡ್ಡಿಗೆ ಬಟ್ಟೆ ಸುತ್ತಿ ತೆಗೆಯಿರಿ. ಹಾಗೇ ಬಿಟ್ಟರೆ ತೇವ ಹಿಡಿದುಕೊಂಡು ಅಲ್ಲಿಂದಲೇ ತುಕ್ಕು ಶುರುವಾಗುತ್ತದೆ.